750 ಮೀಟರ್ ನೀರು, ಜೊತೆಗೆ ಗಾಬರಿ: ಹವ್ಯಾಸಿ ಟ್ರಯಥ್ಲಾನ್ ಸ್ಪರ್ಧಿಯೊಬ್ಬರ ಪ್ರಕರಣ

ಇದು ಒಬ್ಬರೇ ವ್ಯಕ್ತಿಯ ಪ್ರಕರಣ. ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ವಯಸ್ಸು, ಊರು, ಉದ್ಯೋಗದಂಥ ಗುರುತು ಹತ್ತುವ ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಬರಹದುದ್ದಕ್ಕೂ ಅವರನ್ನು ಮೇಷ್ಟರು ಎಂದಷ್ಟೇ ಕರೆಯುತ್ತೇನೆ. ನಾನು ಮೈಸೂರಿನಲ್ಲಿ ಹವ್ಯಾಸಿಗಳಿಗೆ ಈಜು, ಸೈಕಲ್, ಓಟ ಮೂರನ್ನೂ ಹೇಳಿಕೊಡುವ ತರಬೇತುದಾರ. ಔಷಧ, ಚಿಕಿತ್ಸೆಯ ನಿರ್ಧಾರಗಳೆಲ್ಲ ಅವರ ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞೆ ತೆಗೆದುಕೊಂಡವು; ಅವನ್ನು ಈಜುಕೊಳಕ್ಕೂ ರಸ್ತೆಗೂ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಆತಂಕ ಇರುವವರಿಗೆ ‘ಮೊದಲು ಮನಸ್ಸು ಶಾಂತವಾಗಲಿ, ಆಮೇಲೆ ಸ್ಪರ್ಧೆಗೆ ಬನ್ನಿ’ ಎಂದು ಹೇಳಿ ಕಳಿಸುವ ತರಬೇತುದಾರರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರು ಇದನ್ನು ಓದಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ಮೇಷ್ಟರಿಗೆ ಆಗ ನಲವತ್ತೊಂದು ವರ್ಷ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಹುಟ್ಟಿದ್ದು ನಾಲೆ ನೀರಿನ ಹಳ್ಳಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಅವರಿಗೆ ನೀರಿನ ಭಯ ಎಂದೂ ಇರಲಿಲ್ಲ. ಇದನ್ನು ಆರಂಭದಲ್ಲೇ ಹೇಳಲು ಕಾರಣವಿದೆ: ಮುಂದಿನ ಘಟನೆಗಳನ್ನು ಕೇಳಿದ ಹೆಚ್ಚಿನವರು ಅದನ್ನು ನೀರಿನ ಭಯ ಎಂದೇ ತಿಳಿದುಕೊಂಡರು.

ನಾಲ್ಕು ವರ್ಷ ಹಿಂದೆ ಒಂದು ಮಳೆಗಾಲದ ರಾತ್ರಿ ಅವರು ಮಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಂಪಾಜೆ ಘಾಟಿಯಲ್ಲಿ ಮರ ಬಿದ್ದು ವಾಹನಗಳು ಸಾಲುಗಟ್ಟಿ ನಿಂತವು. ಕಿಟಕಿಗಳೆಲ್ಲ ಮುಚ್ಚಿದ್ದವು. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು, ಬೆರಳುಗಳು ಜುಮುಗುಟ್ಟಿದವು, ಉಸಿರು ಅರ್ಧಕ್ಕೇ ನಿಂತಂತಾಯಿತು. ಹೃದಯಾಘಾತವೇ ಎಂದುಕೊಂಡರು. ಸುಳ್ಯದಲ್ಲಿ ವೈದ್ಯರು ಇಸಿಜಿ ತೆಗೆದು ಏನೂ ಇಲ್ಲ ಎಂದರು. ಮುಂದಿನ ತಿಂಗಳುಗಳಲ್ಲಿ ಅದೇ ಮತ್ತೆ ಮತ್ತೆ ಬಂತು. ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ಥೈರಾಯ್ಡ್ ಎಲ್ಲವೂ ಸರಿಯಾಗಿಯೇ ಇದ್ದವು. ವರದಿ ಸರಿಯಿದೆ ಎಂದಾಗಲೆಲ್ಲ ಒಂದು ವಾರ ನೆಮ್ಮದಿ, ಆಮೇಲೆ ‘ಅವರಿಗೇ ಗೊತ್ತಾಗಿಲ್ಲವೇನೋ’ ಎಂಬ ಅನುಮಾನ. ಕೊನೆಗೆ ಒಬ್ಬ ವೈದ್ಯರು ಮನೋವೈದ್ಯರ ಬಳಿ ಕಳಿಸಿದರು. ಪ್ಯಾನಿಕ್ ಡಿಸಾರ್ಡರ್, ಎಂದರೆ ಇದ್ದಕ್ಕಿದ್ದಂತೆ ತೀವ್ರ ಗಾಬರಿ ಮತ್ತೆ ಮತ್ತೆ ಬರುವ ತೊಂದರೆ, ಎಂದು ಗೊತ್ತಾದದ್ದು ಆಗ. ಆತಂಕ ತಗ್ಗಿಸಲು ದಿನಕ್ಕೊಂದು ಎಸಿಟಲೋಪ್ರಾಮ್, ತೀರಾ ತಡೆಯಲಾಗದಿದ್ದರೆ ಮಾತ್ರ ಎಂದು ಗಾಬರಿಯನ್ನು ಬೇಗ ಶಮನ ಮಾಡುವ ಕ್ಲೋನಾಜೆಪಾಮ್‌ನ ಸಣ್ಣ ಮಾತ್ರೆ.

ಗಾಬರಿ ಬರುವುದು ಕಡಿಮೆಯಾಯಿತು, ಆದರೆ ಬದುಕಿನ ವಿಸ್ತಾರವೂ ಕಡಿಮೆಯಾಯಿತು. ದೂರದ ಬಸ್ ಬಿಟ್ಟರು, ಲಿಫ್ಟ್ ಬಿಟ್ಟರು, ಸಭೆಗಳಲ್ಲಿ ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದರು, ಎದೆಬಡಿತ ಏರಿಸುತ್ತದೆಂದು ಬೆಳಗಿನ ಫಿಲ್ಟರ್ ಕಾಫಿಯನ್ನೂ ನಿಲ್ಲಿಸಿದರು. ಮೈಸೂರಿನವರಿಗೆ ಇದು ಎಷ್ಟು ದೊಡ್ಡ ತ್ಯಾಗವೆಂದು ಬೇರೆಯವರಿಗೆ ವಿವರಿಸುವುದು ಕಷ್ಟ. ವೈದ್ಯರು ವ್ಯಾಯಾಮ ಮಾಡಿ ಎಂದಿದ್ದಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ ಶುರು ಮಾಡಿದರು. ನಡಿಗೆ ಓಟವಾಯಿತು, ಓಟದ ಗೆಳೆಯರಿಂದ ಸೈಕಲ್ ಬಂತು, ಸೈಕಲ್ಲಿನ ಗೆಳೆಯರಿಂದ ಟ್ರಯಥ್ಲಾನ್ ಎಂಬ ಹೆಸರು ಕಿವಿಗೆ ಬಿತ್ತು. ಅವರು ಆರಿಸಿಕೊಂಡದ್ದು ಸ್ಪ್ರಿಂಟ್ ಎನ್ನುವ ಚಿಕ್ಕ ಸ್ಪರ್ಧೆ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರ್ಪಡೆಯಾದ ಟ್ರಯಥ್ಲಾನ್‌ನ ಸರಿಯಾಗಿ ಅರ್ಧ ದೂರ. ಕರಾವಳಿಯಲ್ಲಿ, ಸಮುದ್ರ ಶಾಂತವಾಗಿರುವ ಜನವರಿಯಲ್ಲಿ, ಸ್ಪರ್ಧೆ. ಕೈಯಲ್ಲಿ ಎಂಟು ತಿಂಗಳಿತ್ತು.

ನನ್ನ ಮೊದಲ ಷರತ್ತು ಹೃದ್ರೋಗ ತಜ್ಞರ ಹೊಸ ತಪಾಸಣೆ. ಇದು ಔಪಚಾರಿಕತೆಗಾಗಿ ಕೇಳಿದ್ದಲ್ಲ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಸಂಭವಿಸಿದ ಸಾವು ಮತ್ತು ಹೃದಯ ಸ್ತಂಭನದ 135 ಪ್ರಕರಣಗಳನ್ನು ವೈದ್ಯರು ಒಟ್ಟುಮಾಡಿ ನೋಡಿದಾಗ, ಅವುಗಳಲ್ಲಿ 90 ಈಜಿನ ಹಂತದಲ್ಲೇ ನಡೆದಿದ್ದವು. ‘ಎಲ್ಲ ಮನಸ್ಸಿನದ್ದು’ ಎನ್ನುವ ಮಾತನ್ನು ಹೃದಯದ ತಪಾಸಣೆ ಮುಗಿಸಿದ ಮೇಲೆಯೇ ಆಡಬೇಕು. ಮೇಷ್ಟರ ವರದಿಗಳು ಸ್ವಚ್ಛವಾಗಿ ಬಂದವು.

ತೊಡಕು ಎಲ್ಲಿತ್ತು

ಓಟದಲ್ಲಿ ಗಾಬರಿಯಾದರೆ ನಿಲ್ಲಬಹುದು. ಸೈಕಲ್ಲಿನಲ್ಲಿ ಕಾಲು ನೆಲಕ್ಕೂರಬಹುದು. ಈಜಿನಲ್ಲಿ ನಿಲ್ಲುವ ಜಾಗವಿಲ್ಲ. ಮೇಷ್ಟರ ಭಯದ ತಿರುಳು ಇದೇ: ಹೊರಗೆ ಹೋಗಲಾಗದ ಜಾಗದಲ್ಲಿ ಗಾಬರಿ ಬಂದರೆ? ಘಾಟಿಯ ಬಸ್ಸಿಗೂ ಸಮುದ್ರಕ್ಕೂ ಅವರ ಲೆಕ್ಕದಲ್ಲಿ ವ್ಯತ್ಯಾಸವಿರಲಿಲ್ಲ.

ಇದರ ಜೊತೆಗೆ ಉಸಿರಿನ ತೊಡಕು. ಗಾಬರಿಯಲ್ಲಿ ಮನುಷ್ಯ ಮೇಲೆಮೇಲೆ ಉಸಿರೆಳೆದುಕೊಳ್ಳುತ್ತಾನೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮುಗುಟ್ಟುತ್ತದೆ, ತಲೆ ಹಗುರಾಗುತ್ತದೆ, ಗಾಳಿ ಸಾಲದು ಎನ್ನಿಸುತ್ತದೆ. ನೀರಿಗೆ ಮುಖ ಹಾಕಿದ ಹೊಸಬರು ಇದಕ್ಕೆ ವಿರುದ್ಧವಾದದ್ದನ್ನು ಮಾಡುತ್ತಾರೆ: ಉಸಿರು ಬಿಡದೆ ಬಿಗಿಹಿಡಿಯುತ್ತಾರೆ. ಆಗ ಇಂಗಾಲದ ಡೈಆಕ್ಸೈಡ್ ಏರಿ, ಉಸಿರಾಡಲೇಬೇಕೆಂಬ ಒತ್ತಡ ಹುಟ್ಟುತ್ತದೆ. ದಂಡೆಯಲ್ಲಿ ಮೊದಲನೆಯದು, ನೀರಿನಲ್ಲಿ ಎರಡನೆಯದು, ಎರಡೂ ಮೇಷ್ಟರಲ್ಲಿದ್ದವು. ಬಾವಿಯ ಈಜಿನಲ್ಲಿ ಅವರು ತಲೆಯನ್ನು ಸದಾ ನೀರಿನ ಮೇಲೆ ಇಟ್ಟವರು. ಮುಖ ಮುಳುಗಿಸಿ ಈಜುವ ಫ್ರೀಸ್ಟೈಲ್ ಅವರಿಗೆ ಪೂರ್ತಿ ಹೊಸದು. ಭೌತಶಾಸ್ತ್ರದ ಮನುಷ್ಯನಾದ್ದರಿಂದ ಈ ವಿವರಣೆ ಅವರಿಗೆ ಬಹಳ ಹಿಡಿಸಿತು. ಆದರೆ ವಿವರಣೆ ಗೊತ್ತಾದ ಮಾತ್ರಕ್ಕೆ ಗಾಬರಿ ಬಿಟ್ಟುಹೋಗುವುದಿಲ್ಲ.

ಇನ್ನೊಂದು ತೊಡಕು ಅವರ ಮಣಿಕಟ್ಟಿನಲ್ಲಿತ್ತು. ಎದೆಬಡಿತ ತೋರಿಸುವ ಕೈಗಡಿಯಾರ. ಓಡುವಾಗ ಅದನ್ನು ನೋಡುತ್ತಲೇ ಇರುತ್ತಿದ್ದರು. 150 ಇದ್ದರೆ ಸಮಾಧಾನ, 165 ಆದರೆ ನಡಿಗೆ, 170 ಕಂಡರೆ ರಸ್ತೆ ಬದಿಯಲ್ಲಿ ಕುಳಿತು ನಾಡಿ ಹಿಡಿದುಕೊಳ್ಳುವುದು. ಬೆಟ್ಟ ಹತ್ತುವ ನಲವತ್ತರ ಮನುಷ್ಯನಿಗೆ 170 ಅಸಹಜವಲ್ಲ ಎಂದು ಹೇಳಿದರೆ ತಲೆಯಾಡಿಸುತ್ತಿದ್ದರು, ಮತ್ತೆ ನೋಡುತ್ತಿದ್ದರು.

ಶಾಂತಿಯ ದಾರಿ

ಮೊದಲ ಮೂರು ತಿಂಗಳು ನಾವು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ. ಜನ ಕಡಿಮೆ ಇರುವ ಹೊತ್ತು, ಅಂಚಿನ ಸಾಲು, ಈಜಿಗೆ ಮೊದಲು ಹತ್ತು ನಿಮಿಷ ಪ್ರಾಣಾಯಾಮ, ಭ್ರಾಮರಿ. ಎದೆಬಡಿತ ಇಳಿದ ಮೇಲೆಯೇ ನೀರಿಗಿಳಿಯುವುದು. ಫಲಿತಾಂಶ ಚೆನ್ನಾಗಿಯೇ ಇತ್ತು. ಮುಖ ಮುಳುಗಿಸಿ, ನೀರೊಳಗೆ ಗುಳುಗುಳು ಎಂದು ಉಸಿರು ಬಿಡುವುದನ್ನು ಕಲಿತರು. ನಿಲ್ಲದೆ ಸಾವಿರ ಮೀಟರ್ ಈಜಿದ ದಿನ ಸಿಹಿ ಹಂಚಿದರು.

ಮೈಸೂರಿನ ಸುತ್ತ ನೆಮ್ಮದಿಯಿಂದ ಈಜಬಹುದಾದ ತೆರೆದ ನೀರು ಕಡಿಮೆ. ಕಾವೇರಿಯ ಮಡು, ಸುಳಿಗಳಲ್ಲಿ ಮುಳುಗಿದವರ ಸುದ್ದಿ ಬೇಸಿಗೆ ಬಂದರೆ ಸಾಕು, ಪತ್ರಿಕೆಯಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಪರಿಚಯದವರ ತೋಟದ ಕೆರೆಯನ್ನು ಅನುಮತಿ ಪಡೆದು ಬಳಸುತ್ತೇವೆ. ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಚೀಲ, ದೋಣಿಯಲ್ಲೊಬ್ಬ ಜೀವರಕ್ಷಕ. ಮೇಷ್ಟರು ಅಲ್ಲಿ ಐವತ್ತು ಮೀಟರ್ ಹೋಗಿರಬಹುದು. ಕೊಳದ ತಳದ ಕಪ್ಪು ಗೆರೆ ಇಲ್ಲ, ಮುಟ್ಟಲು ಗೋಡೆ ಇಲ್ಲ, ಕಣ್ಣಿಗೆ ಕಾಣುವುದು ಹಸಿರು ಮಬ್ಬು. ತೇಲುಚೀಲವನ್ನು ಎದೆಗವಚಿಕೊಂಡು ದೋಣಿಯನ್ನು ಕೂಗಿದರು. ದಡಕ್ಕೆ ಬಂದು, ಮೈ ಒರೆಸಿಕೊಳ್ಳದೆಯೇ, ಸ್ಪರ್ಧೆಗೆ ಕಟ್ಟಿದ ಹಣ ವಾಪಸು ಬರುತ್ತದೆಯೇ ಎಂದು ಕೇಳಿದರು.

ತಿರುವು

ಮರುವಾರ ಮನಶ್ಶಾಸ್ತ್ರಜ್ಞೆ, ಮೇಷ್ಟರು ಮತ್ತು ನಾನು ಕುಳಿತು ಮಾತನಾಡಿದೆವು. ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಆ ಒಂದು ಗಂಟೆಯಲ್ಲಿ.

ಆಕೆ ಕೆರೆಯ ಬಗ್ಗೆ ಹೆಚ್ಚು ಕೇಳಲಿಲ್ಲ. ಕೊಳದ ಬಗ್ಗೆ ಕೇಳಿದರು. ಸಾವಿರ ಮೀಟರ್ ಈಜಿದ ದಿನ ಎಷ್ಟು ಬಾರಿ ಗೋಡೆ ಮುಟ್ಟಿದಿರಿ? ಯಾವ ಹೊತ್ತು? ಪಕ್ಕದ ಸಾಲಿನಲ್ಲಿ ಯಾರಿದ್ದರು? ಮಾತ್ರೆ ಎಲ್ಲಿತ್ತು? ಮಾತ್ರೆಯ ಪಟ್ಟಿ ಕೊಳದ ಅಂಚಿನಲ್ಲಿ, ಟವೆಲ್ಲಿನ ಕೆಳಗೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತಿತ್ತು ಎಂದು ನನಗೆ ತಿಳಿದದ್ದೂ ಆಗಲೇ. ಸ್ಪರ್ಧೆಯ ದಿನ ಉಡುಪಿನ ಜೇಬಿನಲ್ಲಿಟ್ಟುಕೊಳ್ಳುವ ಯೋಜನೆಯೂ ಇತ್ತು. ಗೋಡೆ, ಖಾಲಿ ಕೊಳ, ಕೈಗಡಿಯಾರ, ಮಾತ್ರೆ: ಧೈರ್ಯವೆಲ್ಲ ಇವುಗಳ ಖಾತೆಗೆ ಜಮೆಯಾಗುತ್ತಿತ್ತು. ಮೇಷ್ಟರ ಖಾತೆ ಖಾಲಿ ಉಳಿದಿತ್ತು.

ಪ್ಯಾನಿಕ್ ಬಗ್ಗೆ 1980ರ ದಶಕದಿಂದ ಈಚೆಗೆ ಬೆಳೆದಿರುವ ಅರಿವಿನ ಚಿಕಿತ್ಸೆಯ ತಿಳಿವಳಿಕೆ ಸರಳವಾಗಿ ಹೀಗಿದೆ: ದೇಹದ ಸಾಮಾನ್ಯ ಸೂಚನೆಯನ್ನು, ಎಂದರೆ ಬಡಿತ, ಬೆವರು, ಏದುಸಿರನ್ನು, ವ್ಯಕ್ತಿ ಅನಾಹುತವೆಂದು ಓದುತ್ತಾನೆ, ಆ ಓದಿನಿಂದ ಬಡಿತ ಇನ್ನೂ ಏರುತ್ತದೆ. ಸೂಚನೆ ಬಾರದಂತೆ ನೋಡಿಕೊಂಡಷ್ಟೂ ಓದು ಬದಲಾಗುವ ಅವಕಾಶ ಸಿಗುವುದಿಲ್ಲ. ‘ಸ್ಪರ್ಧೆ ಎಂದರೆ ಎದೆ ಹೊಡೆದುಕೊಳ್ಳುವ ಆಟ. ಎದೆ ಹೊಡೆದುಕೊಳ್ಳದಿದ್ದರೆ ಮಾತ್ರ ಈಜುತ್ತೇನೆ ಎಂದು ನೀವು ಅಭ್ಯಾಸ ಮಾಡಿದ್ದೀರಿ’ ಎಂದರು ಆಕೆ. ಮೇಷ್ಟರು ನಕ್ಕರು. ಅಂದು ಅವರು ನಕ್ಕದ್ದು ಅದೊಂದೇ ಬಾರಿ.

ಮೂರು ನಿರ್ಧಾರಗಳಾದವು. ಮೊದಲನೆಯದು ಮಾತ್ರೆಯದ್ದು. ಕ್ಲೋನಾಜೆಪಾಮ್ ತೂಕಡಿಕೆ ತರುತ್ತದೆ, ಕೈಕಾಲುಗಳ ಹೊಂದಾಣಿಕೆ ಕೆಡಿಸುತ್ತದೆ. ಅದನ್ನು ನುಂಗಿ ನೀರಿಗಿಳಿಯುವಂತಿಲ್ಲ ಎಂದು ಮನೋವೈದ್ಯರು ಖಡಾಖಂಡಿತವಾಗಿ ಹೇಳಿದರು. ಬಡಿತ ತಗ್ಗಿಸುವ ಪ್ರೊಪ್ರಾನೊಲಾಲ್ ಬಗ್ಗೆ ಮೇಷ್ಟರು ಎಲ್ಲೋ ಓದಿ ಕೇಳಿದರು. ಬಾಲ್ಯದಲ್ಲಿ ಆಸ್ತಮಾ ಇತ್ತು, ಸಾಲದ್ದಕ್ಕೆ ಆ ಮಾತ್ರೆ ದುಡಿಮೆಯ ಶಕ್ತಿಯನ್ನೇ ಕುಗ್ಗಿಸುತ್ತದೆ ಎಂದು ಅದನ್ನೂ ಕೈಬಿಡಲಾಯಿತು. ದಿನದ ಎಸಿಟಲೋಪ್ರಾಮ್ ಹಾಗೆಯೇ ಮುಂದುವರಿಯಿತು. ಸ್ಪರ್ಧೆಗಾಗಿ ಅದನ್ನು ನಿಲ್ಲಿಸುವ ಮಾತೇ ಬರಲಿಲ್ಲ.

ಎರಡನೆಯದು ಗಡಿಯಾರ. ಅದನ್ನು ಬಿಚ್ಚಿಸಿ ಎಂದರು ಆಕೆ. ನನಗೆ ತರಬೇತಿಗೆ ಅಂಕಿಗಳು ಬೇಕಿದ್ದವು. ಕೊನೆಗೆ ಗಡಿಯಾರದ ಮುಖಕ್ಕೆ ಕಪ್ಪು ಅಂಟುಪಟ್ಟಿ ಸುತ್ತುವುದೆಂದಾಯಿತು. ಅಂಕಿಗಳು ದಾಖಲಾಗಲಿ, ನಾನು ನೋಡುತ್ತೇನೆ, ಮೇಷ್ಟರು ನೋಡುವುದಿಲ್ಲ. ಮೊದಲ ವಾರ ಅವರು ಪಟ್ಟಿಯ ಮೂಲೆಯನ್ನು ಉಗುರಿನಿಂದ ಕೆರೆದು ಎಬ್ಬಿಸಿರುವುದು ಕಾಣುತ್ತಿತ್ತು. ಯಾರೂ ಆಕ್ಷೇಪಿಸಲಿಲ್ಲ. ಆಮೇಲೆ ಮೂಲೆ ನೆಟ್ಟಗೆ ಉಳಿಯಿತು.

ಮೂರನೆಯದು ಮೇಷ್ಟರೇ ತಂದ ಮಾತು. ‘ನನಗೆ ಬಾವಿಯ ಈಜು ಬರುತ್ತದಲ್ಲ, ತಲೆ ಎತ್ತಿಕೊಂಡು ಹೋಗುವುದು. ಅದು ನಡೆಯುತ್ತದೆಯೇ?’ ಟ್ರಯಥ್ಲಾನ್ ನಿಯಮದಲ್ಲಿ ಯಾವ ಶೈಲಿಯಲ್ಲಾದರೂ ಈಜಬಹುದು. ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಬೋಯ್ ಅಥವಾ ನಿಂತ ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಬಹುದು, ಅದರ ನೆರವಿನಿಂದ ಮುಂದೆ ಸಾಗಬಾರದು ಅಷ್ಟೇ. ಹಾಗಾದರೆ ಬಾವಿಯ ಈಜು ಇನ್ನೊಂದು ಊರುಗೋಲಾಗುವುದಿಲ್ಲವೇ? ನಾನು ಕೇಳಿದೆ. ಅದು ಅವರನ್ನು ನೀರಿನಿಂದ ಹೊರಗೆ ತರುತ್ತದೆಯೋ ನೀರಿನಲ್ಲೇ ಉಳಿಸುತ್ತದೆಯೋ ನೋಡಿ, ಎಂದು ಆಕೆ ನನಗೇ ಮರುಪ್ರಶ್ನೆ ಹಾಕಿದರು. ಈ ಅಳತೆಗೋಲು ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಗಾಬರಿಯನ್ನು ಕರೆಸಿಕೊಳ್ಳುವ ಅಭ್ಯಾಸ

ಅಲ್ಲಿಂದ ತರಬೇತಿಯ ಸ್ವರೂಪ ತಲೆಕೆಳಗಾಯಿತು. ದಂಡೆಯ ಮೇಲೆ ಸಣ್ಣ ಸ್ಟ್ರಾನಲ್ಲಿ ಉಸಿರಾಡುವುದು, ಕುರ್ಚಿಯಲ್ಲಿ ಗರಗರ ತಿರುಗುವುದು, ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಓಡುತ್ತ ಹತ್ತಿ ನಂದಿಯ ಬಳಿ ನಿಂತು ಬಡಿತವನ್ನು ತಡೆಯದೆ ಸುಮ್ಮನೆ ಗಮನಿಸುವುದು. ಇವನ್ನು ಸೂಚಿಸಿದವರು ಮನಶ್ಶಾಸ್ತ್ರಜ್ಞೆ. ಮೊದಲ ಸಲ ಅವರ ಎದುರಿಗೇ ಮಾಡಿಸಿದರು. ಸ್ಟ್ರಾ ಅಥವಾ ವೇಗದ ಉಸಿರಾಟದ ಅಭ್ಯಾಸವನ್ನು ನೀರಿನಲ್ಲಿ ಯಾರೂ ಮಾಡಬಾರದು, ಪ್ರಜ್ಞೆ ತಪ್ಪುವ ಅಪಾಯವಿದೆ. ಕಾಫಿಯೂ ಮರಳಿತು, ಮೊದಲು ಅರ್ಧ ಲೋಟ, ಓಟಕ್ಕೆ ಮುಂಚೆ. ಆ ವಾರದ ಟಿಪ್ಪಣಿಯಲ್ಲಿ ‘ಬಡಿತ ಹೆಚ್ಚು, ರುಚಿಯೂ ಹೆಚ್ಚು’ ಎಂದು ಬರೆದುಕೊಂಡಿದ್ದರು.

ಟಿಪ್ಪಣಿಯ ಕ್ರಮ ಹೀಗಿತ್ತು. ಅಭ್ಯಾಸಕ್ಕೆ ಮುಂಚೆ ಎರಡು ಸಾಲು: ಗಾಬರಿ ಸೊನ್ನೆಯಿಂದ ನೂರರಲ್ಲಿ ಎಷ್ಟಾಗಬಹುದು, ಏನು ಅನಾಹುತ ಆಗಬಹುದು. ಮುಗಿದ ಮೇಲೆ ಎರಡು ಸಾಲು: ಎಷ್ಟಾಯಿತು, ಏನಾಯಿತು. ಪ್ರಯೋಗಾಲಯದ ದಾಖಲೆ ಪುಸ್ತಕ ತಿದ್ದಿ ಅಭ್ಯಾಸವಿದ್ದವರಿಗೆ ಇದು ಸಲೀಸಾಗಿ ಒಗ್ಗಿತು. ಗಾಬರಿಯ ಅಂಕಿ ಅಷ್ಟೇನೂ ಇಳಿಯಲಿಲ್ಲ, ಇದನ್ನು ಒತ್ತಿ ಹೇಳಬೇಕು. 70 ಎಂದು ಬರೆದ ದಿನ 70 ಆಗಿಯೇ ಆಗುತ್ತಿತ್ತು. ಬದಲಾದದ್ದು ಎರಡನೆಯ ಸಾಲು. ‘ನಿಲ್ಲಿಸಬೇಕಾಗುತ್ತದೆ’ ಎಂಬ ಊಹೆಯ ಎದುರು ‘ನಿಲ್ಲಿಸಲಿಲ್ಲ’ ಎಂಬ ಉತ್ತರ ಸಾಲುಸಾಲಾಗಿ ಕೂಡುತ್ತ ಹೋಯಿತು.

ಕೊಳದಲ್ಲಿ ಗೋಡೆಯನ್ನು ಕಸಿದುಕೊಂಡೆವು: ಒಂದು ಮಾರು ದೂರದಲ್ಲೇ ತಿರುಗಬೇಕು. ಮೊದಲ ಐವತ್ತು ಮೀಟರ್ ಬಿರುಸಾಗಿ ಈಜಿ, ಏದುಸಿರು ಬಂದ ಮೇಲೆ ನಿಲ್ಲದೆ ನಿಧಾನಕ್ಕೆ ಮುಂದುವರಿಯಬೇಕು. ಗೋಡೆಗಿಂತ ಕಷ್ಟವಾದದ್ದು ಜನಸಂದಣಿ. ಒಂದು ಭಾನುವಾರ ಒಂದೇ ಸಾಲಿನಲ್ಲಿ ನಾಲ್ವರನ್ನು ಬಿಟ್ಟೆ. ಮೂವರಿಗೆ ಮೇಷ್ಟರನ್ನು ಒತ್ತರಿಸಿಕೊಂಡೇ ಈಜಿ ಎಂದು ಮೊದಲೇ ಹೇಳಿದ್ದೆ, ಮೇಷ್ಟರಿಗೂ ಅದು ಗೊತ್ತಿತ್ತು. ಯಾರದೋ ಮೊಣಕೈ ಬಡಿದು ಅವರ ಈಜಿನ ಕನ್ನಡಕ ಮೂಗಿನ ಕೆಳಗೆ ಜಾರಿತು, ಬಾಯಿಗೆ ನೀರು ಹೋಯಿತು. ಅವರು ಎದ್ದು ನಿಲ್ಲಬಹುದಿತ್ತು. ಅಲ್ಲಿ ಆಳ ಎದೆಮಟ್ಟ. ನಿಲ್ಲಲಿಲ್ಲ. ಕೆಮ್ಮುತ್ತ ಅಂಗಾತ ತಿರುಗಿದರು, ಒಂದು ಕೈಯಲ್ಲಿ ಕನ್ನಡಕ ಸರಿಪಡಿಸಿದರು, ತಲೆ ಎತ್ತಿ ಬಾವಿಯ ಈಜಿಗೆ ಇಳಿದರು, ಹತ್ತು ಹನ್ನೆರಡು ಬೀಸಿನ ಬಳಿಕ ಮತ್ತೆ ಮುಖವನ್ನು ನೀರಿಗಿಟ್ಟರು. ಸ್ಪರ್ಧೆಯ ದಿನದ ಕ್ರಮವನ್ನು ನಾವು ಹೊಸದಾಗಿ ರಚಿಸಬೇಕಾಗಲಿಲ್ಲ, ಆ ಬೆಳಗ್ಗೆಯೇ ಸಿಕ್ಕಿಬಿಟ್ಟಿತು: ಅಂಗಾತ, ಬಾವಿ, ಮುಖ.

ಕೆರೆಗೂ ಹಿಂದಿರುಗಿದೆವು. ಅಲ್ಲಿ ಮೊದಲೆರಡು ಸಲ ಸೋಲೇ. ವರ್ಷದ ಕೊನೆಯ ಹೊತ್ತಿಗೆ ಎಂಟುನೂರು ಮೀಟರ್ ಆಯಿತು, ನಡುವೆ ಎರಡು ಬಾರಿ ಅಂಗಾತ ತಿರುಗಿದ್ದೂ ಸೇರಿ. ಸೈಕಲ್, ಓಟದ ಬಗ್ಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ಅವು ಮಾಮೂಲಿನಂತೆ ನಡೆದವು.

ಸ್ಪರ್ಧೆಯ ಬೆಳಗ್ಗೆ

ಮೇಷ್ಟರಿಗೆ ಧೈರ್ಯ ಹೇಳಲು ನಾನು ಪಕ್ಕದಲ್ಲಿ ನಿಲ್ಲುವುದಿಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು. ‘ಏನೂ ಆಗುವುದಿಲ್ಲ ಅಲ್ಲವೇ?’ ಎಂದು ಕೇಳಿ, ‘ಇಲ್ಲ’ ಎಂದು ಉತ್ತರ ಪಡೆಯುವುದೂ ಮಾತ್ರೆಯ ಇನ್ನೊಂದು ರೂಪವೇ. ಮಾತ್ರೆಯ ಚೀಲ ಹೋಟೆಲಿನ ಕೋಣೆಯಲ್ಲಿ ಉಳಿಯಿತು. ಹೆಂಡತಿಯ ಕೈಚೀಲದಲ್ಲಿ ಇಟ್ಟುಕೊಳ್ಳೋಣವೇ ಎಂಬ ಚರ್ಚೆ ಬೆಳಗಿನ ಐದು ಗಂಟೆಯವರೆಗೂ ನಡೆದಿತ್ತಂತೆ.

ರಕ್ಷಣಾ ದೋಣಿ ಬರುವುದು ತಡವಾಗಿ ಆರಂಭ ಅರ್ಧ ಗಂಟೆ ಮುಂದೆ ಹೋಯಿತು. ಆತಂಕ ಇರುವವರಿಗೆ ಅಲೆಗಳಿಗಿಂತ ಕ್ರೂರವಾದದ್ದು ಈ ಕಾಯುವಿಕೆ. ಮೇಷ್ಟರು ಮರಳಿನ ಮೇಲೆ ಅತ್ತಿಂದಿತ್ತ ನಡೆದರು, ಆಕಳಿಸಿದರು, ಎರಡು ಬಾರಿ ಶೌಚಾಲಯಕ್ಕೆ ಹೋಗಿ ಬಂದರು. ಬೆವರಿಗೆ ತೋಳಿನ ಮೇಲೆ ಬರೆದ ಸಂಖ್ಯೆ ಕದಡಿಹೋಗಿತ್ತು. ಮೊಣಕಾಲಿನವರೆಗೆ ನೀರಿಗಿಳಿದು ಮುಖ ಮುಳುಗಿಸಿ ಗುಳುಗುಳು ಮಾಡಿಕೊಂಡರು. ಯೋಜನೆಯಂತೆ ಗುಂಪಿನ ಹಿಂದೆ, ಹೊರ ಅಂಚಿನಲ್ಲಿ ನಿಂತರು.

ಮುಂದಿನದನ್ನು ಅವರೇ ಹೇಳಿದ್ದರಿಂದ ಮತ್ತು ಕಯಾಕ್ ಎಂಬ ಪುಟ್ಟ ದೋಣಿಯಲ್ಲಿದ್ದ ಸ್ವಯಂಸೇವಕನಿಂದ ತಿಳಿದುಕೊಂಡೆ. ನೂರು ಮೀಟರ್ ದಾಟುವಷ್ಟರಲ್ಲಿ ಗಾಬರಿ ಬಂತು, ಕೆರೆಯಲ್ಲಿ ಬಂದದ್ದಕ್ಕಿಂತ ಜೋರಾಗಿ. ಅಂಗಾತ ತಿರುಗಿದರು. ಅಷ್ಟರಲ್ಲಿ ಅವರ ನಂತರ ಬಿಟ್ಟ ತಂಡದ ವೇಗದ ಈಜುಗಾರರು ಮೈಮೇಲೆ ಹಾದುಹೋದರು. ಕಯಾಕ್ ಹತ್ತಿರದಲ್ಲೇ ಇತ್ತು, ಅದರ ಮೂತಿ ಹಿಡಿದುಕೊಂಡರು. ಹುಡುಗ ಒಳ್ಳೆಯ ಮನಸ್ಸಿನಿಂದಲೇ ಕೇಳಿದ: ‘ಸರ್, ದಡಕ್ಕೆ ಕರೆದುಕೊಂಡು ಹೋಗಲಾ?’

ಇಡೀ ಎಂಟು ತಿಂಗಳ ಅಭ್ಯಾಸ ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ನಡೆದಿತ್ತು ಎನ್ನಬಹುದು. ಮೇಷ್ಟರಿಗೆ ಆ ಕ್ಷಣ ಧೈರ್ಯ ಬರಲಿಲ್ಲ. ಅವರು ಇದನ್ನು ಸ್ಪಷ್ಟವಾಗಿ ಹೇಳುತ್ತಾರೆ. ಸತ್ತೇ ಹೋಗುತ್ತೇನೆ ಎಂದೇ ಅನ್ನಿಸುತ್ತಿತ್ತು. ಆದರೆ ಟಿಪ್ಪಣಿ ಪುಸ್ತಕದ ಎರಡನೆಯ ಸಾಲು ನೆನಪಾಯಿತಂತೆ. ‘ಸ್ವಲ್ಪ ಹೊತ್ತು ಹೀಗೇ ಇರಿ’ ಎಂದರು. ಉಸಿರನ್ನು ಉದ್ದಕ್ಕೆ ಬಿಡುತ್ತ ಒಂದೆರಡು ನಿಮಿಷ ಹಿಡಿದುಕೊಂಡೇ ಇದ್ದರು. ಗಾಬರಿ ಹೋಗಲಿಲ್ಲ. ಹೋಗುವವರೆಗೆ ಕಾಯಲೂ ಇಲ್ಲ. ತಲೆ ಎತ್ತಿ ಬಾವಿಯ ಈಜಿನಲ್ಲಿ ಮೊದಲ ಬೋಯ್ ಕಡೆಗೆ ಹೊರಟರು. ಅದನ್ನು ಸುತ್ತಿ ತಿರುಗಿದ ಮೇಲೆ ಮುಖ ನೀರಿಗೆ ಹೋಯಿತು.

ನೀರಿನಿಂದ ಹೊರಬಿದ್ದವರಲ್ಲಿ ಅವರು ಕೊನೆಯಿಂದ ಮೂರನೆಯವರು. ಸೈಕಲ್ ಬಳಿ ಬಂದಾಗ ಕೈ ನಡುಗುತ್ತಿತ್ತು. ಹೆಲ್ಮೆಟ್ಟಿನ ಬಕಲ್ ಹಾಕದೆ ಸೈಕಲ್ಲನ್ನು ಮುಟ್ಟುವಂತಿಲ್ಲ ಎಂಬುದು ನಿಯಮ. ಬಕಲ್ ಒಂದು ಸಲ ತಪ್ಪಿತು, ಇನ್ನೊಂದು ಸಲ ಗಲ್ಲದ ಚರ್ಮವನ್ನು ಕಚ್ಚಿತು. ಬೇಲಿಯಾಚೆ ನಿಂತ ನನ್ನ ಕಡೆ ಒಮ್ಮೆ ನೋಡಿದರು. ನಾನು ಬೇಕೆಂದೇ ಸಮುದ್ರದ ಕಡೆ ಮುಖ ಮಾಡಿದೆ. ಟಕ್ ಎಂಬ ಸದ್ದು ಕೇಳಿದ ಮೇಲೆಯೇ ತಿರುಗಿದೆ. ಇಪ್ಪತ್ತು ಕಿಲೋಮೀಟರಿನಲ್ಲಿ ಹತ್ತಾರು ಮಂದಿಯನ್ನು ಹಿಂದಿಕ್ಕಿದರು. ಓಟದಲ್ಲಿ ಬಿಸಿಲೇರಿ ಎದೆ ಮತ್ತೆ ಹೊಡೆದುಕೊಂಡಿತು. ಆಮೇಲೆ ನಾನು ನೋಡಿದ ದಾಖಲೆಯಲ್ಲಿ ಬಡಿತ 170 ದಾಟಿ ಬಹಳ ಹೊತ್ತು ಅಲ್ಲೇ ನಿಂತಿತ್ತು. ಕಪ್ಪು ಪಟ್ಟಿಯ ಕೆಳಗೆ ನಡೆದದ್ದು ಅವರಿಗೆ ಗೊತ್ತಾಗಲಿಲ್ಲ. ಗುರಿ ಮುಟ್ಟಿದರು.

ಆಮೇಲೆ ನಡೆದದ್ದು

ಇಲ್ಲಿಗೆ ನಿಲ್ಲಿಸಿದ್ದರೆ ಇದು ಪತ್ರಿಕೆಯ ಪುರವಣಿಗೆ ಒಳ್ಳೆಯ ಲೇಖನವಾಗುತ್ತಿತ್ತು. ಅದೇ ರಾತ್ರಿ ಮೇಷ್ಟರು, ಅವರ ಹೆಂಡತಿ ಬಸ್ಸಿನಲ್ಲಿ ಮೈಸೂರಿಗೆ ಹೊರಟರು. ಇಷ್ಟು ವರ್ಷ ಬಿಟ್ಟಿದ್ದ ಬಸ್ಸನ್ನು, ಪದಕದ ಹುರುಪಿನಲ್ಲಿ, ತಾವಾಗಿಯೇ ಆರಿಸಿಕೊಂಡಿದ್ದರು. ಸಂಪಾಜೆ ದಾಟಿ ಏರು ಹತ್ತುವಾಗ ಲಾರಿಗಳ ಹಿಂದೆ ಬಸ್ ತೆವಳತೊಡಗಿತು. ವರ್ಷಗಳಿಂದ ಕಾಣದಷ್ಟು ಜೋರಾದ ಗಾಬರಿ ಬಂತು. ಚಾಲಕನನ್ನು ಬೇಡಿಕೊಂಡು ಬಸ್ ನಿಲ್ಲಿಸಿ ಇಳಿದರು, ಮಾತ್ರೆ ನುಂಗಿದರು, ರಸ್ತೆ ಬದಿಯ ಅಂಗಡಿಯೊಂದರ ಜಗಲಿಯ ಮೇಲೆ ಕುಳಿತು, ನಸುಕಿನಲ್ಲಿ ಕಾರು ಮಾಡಿಕೊಂಡು ಊರು ಸೇರಿದರು.

ನನ್ನ ಬಳಿ ಬಂದಾಗ ಸಿಟ್ಟಿನಲ್ಲಿದ್ದರು. ಸಮುದ್ರಕ್ಕೆ ಸಾಲಿದ್ದು ಒಂದು ಬಸ್ ಸೀಟಿಗೆ ಸಾಲಲಿಲ್ಲವೇ? ಮನಶ್ಶಾಸ್ತ್ರಜ್ಞೆಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಭಯ ತಗ್ಗಿಸುವ ಕಲಿಕೆ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ, ಇನ್ನೊಂದು ಜಾಗಕ್ಕೆ ತಾನಾಗಿ ದಾಟುವುದಿಲ್ಲ ಎಂಬುದು ಪ್ರಯೋಗಗಳಲ್ಲಿ ಚೆನ್ನಾಗಿ ಕಂಡುಬಂದ ಸಂಗತಿ. ನೀರಿಗೆ ಎಂಟು ತಿಂಗಳು ಕೊಟ್ಟಿದ್ದರು, ಬಸ್ಸಿಗೆ ಒಂದು ದಿನವನ್ನೂ ಕೊಟ್ಟಿರಲಿಲ್ಲ. ಇದರ ಜೊತೆ ನಿದ್ದೆಯಿಲ್ಲದ ಹಿಂದಿನ ರಾತ್ರಿ, ಬಿಸಿಲಿನ ದಣಿವು, ಸ್ಪರ್ಧೆಯ ನಡುವೆ ನುಂಗಿದ ಕೆಫೀನ್ ಇರುವ ಜೆಲ್ ಎಲ್ಲವೂ ಸೇರಿದ್ದವು.

ಈಗ ಅದೇ ಟಿಪ್ಪಣಿ ಪುಸ್ತಕದಲ್ಲಿ ಬಸ್ಸಿನ ಪುಟಗಳಿವೆ. ಶ್ರೀರಂಗಪಟ್ಟಣದವರೆಗೆ, ಹುಣಸೂರಿನವರೆಗೆ, ಹಗಲು ಹೊತ್ತಿನಲ್ಲಿ ಮಡಿಕೇರಿಯವರೆಗೆ. ರಾತ್ರಿಯ ಘಾಟಿ ಇನ್ನೂ ಬಾಕಿ ಇದೆ. ಎರಡನೆಯ ಸ್ಪರ್ಧೆಗೆ ಹೆಸರು ಕೊಟ್ಟಿಲ್ಲ, ಕೊಡುವಂತೆ ನಾನೂ ಒತ್ತಾಯಿಸಿಲ್ಲ.

ಬೇರೆಯವರಿಗೆ ಏನು ಉಪಯೋಗ

ಅಂಟುಪಟ್ಟಿ ಹಾಕಿದ ಗಡಿಯಾರ ಎಲ್ಲರಿಗೂ ಮದ್ದಲ್ಲ. ಹೃದಯದ ತೊಂದರೆ ಇರುವವರಿಗೆ ಆ ಅಂಕಿಗಳೇ ಜೀವ ಉಳಿಸಬಹುದು. ಮೇಷ್ಟರ ವಿಷಯದಲ್ಲಿ ಅದು ಸರಿಹೊಂದಿದ್ದು ತಪಾಸಣೆ ಮೊದಲೇ ಮುಗಿದಿದ್ದರಿಂದ. ಗಾಬರಿಯನ್ನು ಬೇಕೆಂದೇ ಕರೆಸಿಕೊಳ್ಳುವ ಅಭ್ಯಾಸವನ್ನೂ ತಿಳಿದವರ ಕಣ್ಗಾವಲಿಲ್ಲದೆ ಮಾಡಿಸಬಾರದು. ಮನೋವೈದ್ಯರು ಹತ್ತಿರವಿಲ್ಲದ ಊರಿನವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ತರಬೇತುದಾರರಿಗೆ ಹೇಳಬೇಕಾದ ಮಾತು ಇನ್ನೊಂದಿದೆ. ತೆರೆದ ನೀರಿನಲ್ಲಿ ಉಸಿರು ಕಟ್ಟುವುದೆಲ್ಲ ಗಾಬರಿಯಲ್ಲ. ಈಜುವಾಗ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವ ಸ್ಥಿತಿಯೊಂದಿದೆ. ಅದರಲ್ಲಿಯೂ ಏದುಸಿರು, ಎದೆ ಬಿಗಿತ ಇರುತ್ತವೆ. ಆದರೆ ಕೆಮ್ಮು ನಿಲ್ಲುವುದಿಲ್ಲ, ಎದೆಯಲ್ಲಿ ಗೊರಗೊರ ಸದ್ದು ಕೇಳಬಹುದು, ಗುಲಾಬಿ ಬಣ್ಣದ ನೊರೆ ಅಥವಾ ರಕ್ತ ಬೆರೆತ ಕಫ ಬರಬಹುದು. ಅಂಥವರಿಗೆ ‘ಉಸಿರು ಉದ್ದಕ್ಕೆ ಬಿಡಿ, ಸುಧಾರಿಸಿಕೊಳ್ಳಿ’ ಎನ್ನುವುದು ಅಪಾಯ. ಕೂಡಲೇ ನೀರಿನಿಂದ ಹೊರತೆಗೆದು ಕೂರಿಸಿ ಆಸ್ಪತ್ರೆಗೆ ಸಾಗಿಸಬೇಕು. ತೋಳಿಗೋ ದವಡೆಗೋ ಹಬ್ಬುವ ಎದೆನೋವು, ಕಣ್ಣು ಕತ್ತಲಿಟ್ಟು ಬರುವುದು ಕೂಡ ಹಾಗೆಯೇ. ನಮ್ಮ ಕೆರೆಯ ಅಭ್ಯಾಸದಲ್ಲಿ ಯಾರಾದರೂ ಕೈ ಎತ್ತಿದರೆ ದೋಣಿಯವನು ಮೊದಲು ಕೇಳುವುದು ಕೆಮ್ಮು, ನೋವು, ಕಣ್ಣುಕತ್ತಲೆಯ ಬಗ್ಗೆ. ಮೂರಕ್ಕೂ ಇಲ್ಲ ಎಂಬ ಉತ್ತರ ಬಂದ ಮೇಲೆಯೇ ಮುಂದುವರಿಯುತ್ತೀರಾ ಎಂಬ ಪ್ರಶ್ನೆ, ಅದರ ಉತ್ತರವನ್ನು ಈಜುವವರೇ ಹೇಳಬೇಕು.